ಚೀನಾದ ವಿದ್ವಾಂಸರ ಶಿಲೆಗಳು: ನೋಡುವ, ಆರಿಸುವ, ಕಾಪಾಡುವ ಕ್ರಮ

ಚೀನಾದ ವಿದ್ವಾಂಸರು ಬರೆಯುವ ಮೇಜಿನ ಮೇಲೆ, ಓದುವ ಕೋಣೆಯಲ್ಲಿ ಇಲ್ಲವೇ ಮನೆಯ ಅಂಗಳದಲ್ಲಿ ಇರಿಸಿಕೊಂಡು ದಿನವೂ ನೋಡುತ್ತಿದ್ದ ಕಲ್ಲುಗಳನ್ನು ಅಲ್ಲಿ ಗೊಂಗ್‌ಶಿ ಎಂದು ಕರೆಯುತ್ತಾರೆ. ನೀರು ಮತ್ತು ಮಣ್ಣು ಬಹುಕಾಲ ಕೊರೆದು ಬಿಟ್ಟ ಕಲ್ಲೊಂದನ್ನು ಅದರ ಆಕಾರಕ್ಕಾಗಿಯೇ ಆರಿಸಿ, ಅದರ ತಳಕ್ಕೆ ಸರಿಯಾಗಿ ಒಪ್ಪುವ ಮರದ ಪೀಠ ಮಾಡಿಸಿ, ಹೆಸರಿಟ್ಟು ಮನೆಯೊಳಗೆ ತಂದುಕೊಳ್ಳುವ ಈ ಪದ್ಧತಿಗೆ ಸಾವಿರ ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಇಂಥ ಶಿಲೆಗಳನ್ನು ಸಂಗ್ರಹಿಸಬೇಕೆಂದು ಬಯಸುವವರು ಕೊಳ್ಳುವುದಕ್ಕೆ ಮುಂಚೆ ನೋಡುವುದನ್ನು ಕಲಿಯಬೇಕು ಎಂಬುದು ನನ್ನ ಮೊದಲ ಸಲಹೆ. ನೋಡುವಾಗ “ಇದು ಯಾವುದರಂತೆ ಕಾಣುತ್ತದೆ?” ಎಂಬ ಪ್ರಶ್ನೆಯನ್ನು ಸಾಧ್ಯವಾದಷ್ಟು ಹೊತ್ತು ದೂರವಿಡಬೇಕು. ಸಿಂಹದಂತಿದೆ, ಮುದುಕನಂತಿದೆ ಎಂದು ಹೇಳಿಬಿಟ್ಟ ಕೂಡಲೇ ಕಣ್ಣು ಕೆಲಸ ನಿಲ್ಲಿಸುತ್ತದೆ. ಕಲ್ಲಿನ ಉಳಿದ ಮುಖಗಳು ಕಾಣದೇ ಹೋಗುತ್ತವೆ.

ಈ ಹವ್ಯಾಸದ ಹಿರಿಯರು ಕಲ್ಲನ್ನು ಎಷ್ಟು ಗಂಭೀರವಾಗಿ ನೋಡುತ್ತಿದ್ದರು ಎಂಬುದಕ್ಕೆ ತಾಂಗ್ ರಾಜವಂಶದ ಕಾಲದಿಂದಲೇ ಸಾಕ್ಷ್ಯವಿದೆ. ಕವಿ ಬೈ ಜುಯಿ 843ರಲ್ಲಿ, ತೈಹು ಸರೋವರದಿಂದ ತೆಗೆಯುವ ತೈಹು ಶಿಲೆಗಳ ಬಗ್ಗೆ ಬರೆದ ಗದ್ಯದಲ್ಲಿ, ಮಂತ್ರಿಯಾಗಿದ್ದ ನ್ಯೂ ಸೆಂಗ್‌ರು ತನ್ನ ಸಂಗ್ರಹದ ಕಲ್ಲುಗಳನ್ನು ಗಾತ್ರಕ್ಕೆ ಅನುಗುಣವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗದಲ್ಲೂ ಉತ್ತಮ, ಮಧ್ಯಮ, ಕನಿಷ್ಠ ಎಂಬ ಮೂರು ದರ್ಜೆ ಮಾಡಿ, ಅದನ್ನು ಕಲ್ಲಿನ ಹಿಂಬದಿಯಲ್ಲಿ ಕೆತ್ತಿಸಿದ್ದನೆಂದು ದಾಖಲಿಸಿದ್ದಾನೆ. ಸಾಂಗ್ ಕಾಲದ ಲಿಪಿಕಾರ ಮಿ ಫೂ (1051–1107) ವುವೇ ಎಂಬಲ್ಲಿ ಅಧಿಕಾರಿಯಾಗಿದ್ದಾಗ ವಿಚಿತ್ರವಾದ ದೊಡ್ಡ ಕಲ್ಲೊಂದನ್ನು ಕಂಡು, ಅಧಿಕೃತ ಉಡುಪು ಧರಿಸಿ ಅದಕ್ಕೆ ನಮಸ್ಕರಿಸಿ “ಅಣ್ಣ” ಎಂದು ಕರೆದನೆಂಬ ಕಥೆ ಚೀನಾದಲ್ಲಿ ಇಂದಿಗೂ ಮನೆಮಾತು. ಇದೇ ಒಲವು ಅಧಿಕಾರದೊಂದಿಗೆ ಸೇರಿದಾಗ ಏನಾಯಿತು ಎಂಬುದಕ್ಕೆ ಚಕ್ರವರ್ತಿ ಹುಯ್‌ಝೋಂಗ್ ಉದಾಹರಣೆ. ರಾಜಧಾನಿ ಕೈಫೆಂಗ್‌ನಲ್ಲಿ 1117ರಿಂದ 1122ರವರೆಗೆ ಗೆನ್ಯುವೆ ಎಂಬ ಉದ್ಯಾನವನ್ನು ಕಟ್ಟಿಸಲು ಅವನ ಅಧಿಕಾರಿಗಳು ದಕ್ಷಿಣದ ಪ್ರಾಂತ್ಯಗಳಿಂದ ಕಲ್ಲುಗಳನ್ನು ಬಲವಂತವಾಗಿ ಕಿತ್ತು ದೋಣಿಗಳಲ್ಲಿ ಸಾಗಿಸಿದರು; ಅದರಿಂದ ನೊಂದ ಜನರ ಸಿಟ್ಟು 1120ರ ಫಾಂಗ್ ಲಾ ಬಂಡಾಯಕ್ಕೆ ಒಂದು ಕಾರಣವಾಯಿತು. ಉತ್ತರದ ಜುರ್ಚೆನ್ ಜನಾಂಗದ ಸೈನ್ಯ ನಗರವನ್ನು ಮುತ್ತಿದಾಗ ಅದೇ ಉದ್ಯಾನದ ಕಲ್ಲುಗಳನ್ನು ಒಡೆದು ಕವಣೆಯಂತ್ರಗಳಿಗೆ ಗುಂಡಾಗಿ ಬಳಸಲಾಯಿತು.

ನಾಲ್ಕು ಗುಣಗಳನ್ನು ಕಾಣುವ ಬಗೆ

ಮಿ ಫೂನ ಹೆಸರಿನಲ್ಲಿ ಬಂದಿರುವ ನಾಲ್ಕು ಗುಣಗಳು ಈಗಲೂ ಈ ಶಿಲೆಗಳ ಪರೀಕ್ಷೆಗೆ ಆಧಾರವಾಗಿವೆ: ಶೋ, ಝೋ, ಲೋ, ಥೋ. ಪಟ್ಟಿಯಾಗಿ ಓದಿದರೆ ಇವು ಸುಲಭವೆನಿಸುತ್ತವೆ, ಆದರೆ ಕಲ್ಲಿನ ಮುಂದೆ ಕುಳಿತಾಗ ಒಂದೊಂದನ್ನೂ ಬೇರೆಬೇರೆ ರೀತಿಯಲ್ಲಿ ಹುಡುಕಬೇಕಾಗುತ್ತದೆ.

ಶೋ ಎಂದರೆ ಕೃಶತೆ. ಕಲ್ಲು ತೆಳ್ಳಗಿದ್ದ ಮಾತ್ರಕ್ಕೆ ಈ ಗುಣ ಬರುವುದಿಲ್ಲ. ಅನಗತ್ಯವಾದದ್ದೆಲ್ಲ ಕಳಚಿ ಹೋಗಿ ಮೂಳೆಯಷ್ಟೇ ಉಳಿದಂತಿರುವ ನಿಲುವು, ಕಿರಿದಾದ ಬುಡದಿಂದ ಎದ್ದು ಮೇಲೆ ಅಗಲವಾಗುವ ಧೈರ್ಯ, ಬೀಳುತ್ತದೆ ಎನಿಸಿದರೂ ಬೀಳದ ಸಮತೋಲ, ಇವನ್ನು ನೋಡಬೇಕು. ಇದಕ್ಕೆ ಕಲ್ಲನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಹಿಂದೆ ಬಣ್ಣವಿಲ್ಲದ ಗೋಡೆ ಇರುವಂತೆ ಇಟ್ಟು, ಕಣ್ಣನ್ನು ಅರೆಮುಚ್ಚಿ ಅಂಚಿನ ರೇಖೆಯನ್ನು ಮಾತ್ರ ಹಿಂಬಾಲಿಸುವುದು ಒಳ್ಳೆಯ ಕ್ರಮ. ರೇಖೆ ಎಲ್ಲಿ ಅಳುಕುತ್ತದೆ, ಎಲ್ಲಿ ಸುಮ್ಮನೆ ದುಂಡಾಗಿಬಿಡುತ್ತದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಝೋ ಎಂದರೆ ಮೇಲ್ಮೈಯ ಮಡಿಕೆ, ಸುಕ್ಕು. ಇದನ್ನು ಎದುರಿನ ಬೆಳಕಿನಲ್ಲಿ ಕಾಣಲಾಗದು. ಕೋಣೆಯ ದೀಪಗಳನ್ನು ಆರಿಸಿ, ಒಂದೇ ದೀಪವನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಬೀಳಿಸಿ, ನಿಧಾನವಾಗಿ ಸುತ್ತಲೂ ಸರಿಸಬೇಕು. ಒಳ್ಳೆಯ ಕಲ್ಲಿನಲ್ಲಿ ಮಡಿಕೆಗಳು ಒಂದು ದಿಕ್ಕಿನಲ್ಲಿ ಹೊರಟು ಮತ್ತೊಂದಕ್ಕೆ ತಿರುಗಿ, ಕೆಲವೆಡೆ ದಟ್ಟವಾಗಿ ಕೆಲವೆಡೆ ವಿರಳವಾಗಿ ಹರಡಿರುತ್ತವೆ. ಬೆಳಕು ಸರಿದಂತೆ ಒಂದು ಮುಖ ಮಾಸಿ ಇನ್ನೊಂದು ಮುಖ ಎದ್ದು ಬರುತ್ತದೆ.

ಲೋ ಮತ್ತು ಥೋ ಎರಡನ್ನೂ ಹೊಸಬರು ಒಂದೆಂದೇ ಭಾವಿಸುತ್ತಾರೆ. ಎರಡೂ ಟೊಳ್ಳಿಗೆ ಸಂಬಂಧಿಸಿದವು ನಿಜ, ಆದರೆ ಲೋ ಎಂದರೆ ಕಲ್ಲಿನ ಒಳಗೆ ಮೇಲಿನಿಂದ ಕೆಳಕ್ಕೆ ನೀರು ಹರಿದುಹೋಗುವಂಥ ದಾರಿಗಳು, ಥೋ ಎಂದರೆ ಒಂದು ಬದಿಯಿಂದ ಇನ್ನೊಂದು ಬದಿಗೆ ಬೆಳಕು ಹಾಯುವಂಥ ಕಿಂಡಿಗಳು. ಶಾಂಘೈನ ಯು ಉದ್ಯಾನದಲ್ಲಿರುವ ಯು ಲಿಂಗ್‌ಲಾಂಗ್ ಎಂಬ ತೈಹು ಶಿಲೆಯ ಬಗ್ಗೆ ಹೇಳುವ ಮಾತು ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ: ತುದಿಯಲ್ಲಿ ನೀರು ಸುರಿದರೆ ಎಲ್ಲ ರಂಧ್ರಗಳಿಂದ ಇಳಿಯುತ್ತದೆ, ಬುಡದಲ್ಲಿ ಧೂಪ ಹಚ್ಚಿದರೆ ಎಲ್ಲ ರಂಧ್ರಗಳಿಂದ ಹೊಗೆ ಏಳುತ್ತದೆ. ಟೊಳ್ಳುಗಳನ್ನು ನೋಡುವಾಗ ಕಲ್ಲನ್ನು ಮರೆತು ಖಾಲಿ ಜಾಗದ ಆಕಾರವನ್ನೇ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ತಲೆಯನ್ನು ಒಂದು ಅಂಗುಲ ಸರಿಸಿದರೆ ಮುಂದಿನ ಕಿಂಡಿಯೊಳಗೆ ಹಿಂದಿನ ಕಿಂಡಿ ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳುವ ಕಲ್ಲು ಸಿಕ್ಕರೆ ಅದನ್ನು ಬೇಗ ಬಿಟ್ಟುಕೊಡಬೇಡಿ.

ಈ ನಾಲ್ಕರ ಜೊತೆಗೆ ಸಾಂಗ್ ಕಾಲದ ಕವಿ ಸು ಶಿ (1037–1101) ಕುರೂಪವನ್ನೂ ಒಂದು ಗುಣವಾಗಿ ಎತ್ತಿ ಹಿಡಿದನು. ಚಿಂಗ್ ಕಾಲದ ಚಿತ್ರಕಾರ ಝೆಂಗ್ ಬಾನ್‌ಚಿಯಾವ್ ಅದನ್ನು ಮೆಚ್ಚಿ ವಿವರಿಸಿದನು. ನನಗೂ ಇದು ಎಲ್ಲಕ್ಕಿಂತ ಮುಖ್ಯವಾದದ್ದೆಂದು ತೋರುತ್ತದೆ. ನೋಡಿದ ಕೂಡಲೇ ಸುಂದರವೆನಿಸುವ, ಎರಡೂ ಬದಿ ಸಮನಾಗಿರುವ, ನಯವಾದ ಕಲ್ಲು ಕೆಲವೇ ದಿನಗಳಲ್ಲಿ ಹಳತಾಗುತ್ತದೆ. ಮೊದಲ ನೋಟಕ್ಕೆ ಕಸಿವಿಸಿ ಉಂಟುಮಾಡಿದ ಕಲ್ಲು ಬಹುಕಾಲ ಉಳಿಯುತ್ತದೆ.

ಒಂದೇ ಕಲ್ಲನ್ನು ಎಷ್ಟು ಬಗೆಯಲ್ಲಿ ನೋಡಬಹುದು ಎಂಬುದಕ್ಕೆ ಮಿಂಗ್ ಕಾಲದ ವು ಬಿನ್ 1610ರಲ್ಲಿ ಬರೆದ ಸುರುಳಿಚಿತ್ರಕ್ಕಿಂತ ದೊಡ್ಡ ಪಾಠವಿಲ್ಲ. ಮಿ ವಾನ್‌ಝೋಂಗ್ ಎಂಬ ಸಂಗ್ರಾಹಕನ ಬಳಿಯಿದ್ದ ಒಂದು ಲಿಂಗ್‌ಬಿ ಶಿಲೆಯನ್ನು (ಈ ಜಾತಿಯ ವಿವರ ಮುಂದೆ ಬರುತ್ತದೆ) ಅವನು ಹತ್ತು ಕೋನಗಳಿಂದ ಚಿತ್ರಿಸಿದನು. ಪ್ರತಿ ನೋಟಕ್ಕೂ ಒಡೆಯ ವಿವರಣೆ ಬರೆದನು. ಹತ್ತನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅದು ಹತ್ತು ಬೇರೆ ಕಲ್ಲುಗಳೆಂದೇ ನಂಬುವಂತಿದೆ. ಈ ಸುರುಳಿ 2020ರ ಅಕ್ಟೋಬರ್‌ನಲ್ಲಿ ಬೀಜಿಂಗ್‌ನ ಹರಾಜಿನಲ್ಲಿ 51 ಕೋಟಿ ಯುವಾನ್‌ಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಸಂಗ್ರಾಹಕನು ಚಿತ್ರಕಾರನಾಗಬೇಕಿಲ್ಲ, ಆದರೆ ಪೆನ್ಸಿಲ್ ಹಿಡಿದು ತನ್ನ ಕಲ್ಲಿನ ನಾಲ್ಕು ಬದಿಗಳನ್ನಾದರೂ ಒರಟಾಗಿ ಗೀಚಿ ನೋಡಬೇಕು. ಫೋಟೋ ತೆಗೆದಾಗ ಕಾಣದ ಉಬ್ಬು ತಗ್ಗುಗಳು ಕೈಯಿಂದ ಬರೆಯುವಾಗ ಕಾಣುತ್ತವೆ.

ನಾಲ್ಕು ಪ್ರಸಿದ್ಧ ಜಾತಿಗಳು

ಲಿಂಗ್‌ಬಿ ಶಿಲೆ ಅನ್‌ಹುಯಿ ಪ್ರಾಂತ್ಯದ ಲಿಂಗ್‌ಬಿ ಕೌಂಟಿಯದು. ದಟ್ಟವಾದ, ಸಾಮಾನ್ಯವಾಗಿ ಕಪ್ಪು ಬಣ್ಣದ ಸುಣ್ಣಕಲ್ಲು. ಕೆಲವದರಲ್ಲಿ ಬಿಳಿ ಕ್ಯಾಲ್ಸೈಟ್ ಗೆರೆಗಳು ಹಾದುಹೋಗಿರುತ್ತವೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಲೋಹದಂತೆ ನಾದ ಬರುವುದು ಇದರ ಹೆಗ್ಗುರುತು, ಹಾಗಾಗಿಯೇ ಹಿಂದೆ ಇದರಿಂದ ವಾದ್ಯಫಲಕಗಳನ್ನೂ ಮಾಡುತ್ತಿದ್ದರು. ಸಾಂಗ್ ಕಾಲದ ಡು ವಾನ್ ತನ್ನ ‘ಯುನ್‌ಲಿನ್ ಶಿಪು’ ಎಂಬ ಶಿಲಾಗ್ರಂಥವನ್ನು ಈ ಕಲ್ಲಿನಿಂದಲೇ ಆರಂಭಿಸುತ್ತಾನೆ: ಮಣ್ಣಿನಲ್ಲಿ ಹೂತಿರುವ ಈ ಕಲ್ಲುಗಳಿಗೆ ಕೆಂಪು ಜೇಡಿ ಬಿಗಿಯಾಗಿ ಅಂಟಿರುತ್ತದೆ, ಅದನ್ನು ಕೆರೆದು ತೆಗೆಯಬೇಕು, ನಾಲ್ಕೂ ಬದಿ ಪೂರ್ಣವಾಗಿರುವುದು ನೂರರಲ್ಲಿ ಒಂದೆರಡೂ ಇರುವುದಿಲ್ಲ ಎಂದು ಅವನು ಬರೆದಿದ್ದಾನೆ. ಒಂದು ಬದಿ ಮಾತ್ರ ಚೆನ್ನಾಗಿರುವ ಲಿಂಗ್‌ಬಿಯನ್ನು ಕಂಡು ನಿರಾಶರಾಗುವ ಅಗತ್ಯವಿಲ್ಲ ಎಂಬುದನ್ನು ಈ ಮಾತಿನಿಂದ ತಿಳಿಯಬಹುದು.

ತೈಹು ಶಿಲೆ ಜಿಯಾಂಗ್‌ಸು ಪ್ರಾಂತ್ಯದ ಸುಝೌ ಬಳಿಯ ತೈಹು ಸರೋವರದ್ದು. ಬೂದುಬಿಳಿ ಬಣ್ಣ, ದೊಡ್ಡ ದುಂಡು ರಂಧ್ರಗಳು, ಉದ್ಯಾನಕ್ಕೆ ಹೇಳಿ ಮಾಡಿಸಿದ ಗಾತ್ರ. ಸುಝೌನ ಲಿಯು ಉದ್ಯಾನದಲ್ಲಿರುವ ಗುವಾನ್‌ಯುನ್ ಶಿಖರಶಿಲೆ ಸುಮಾರು 6.5 ಮೀಟರ್ ಎತ್ತರವಿದೆ. ಈ ಜಾತಿಯನ್ನು ತಿಳಿಯಬಯಸುವವರು ಅದನ್ನು ಸುತ್ತಲೂ ನಡೆದು ನೋಡಬೇಕು. ಮೇಜಿನ ಮೇಲಿಡುವಷ್ಟು ಚಿಕ್ಕದಾದ ಒಳ್ಳೆಯ ತೈಹು ಅಪರೂಪ.

ಗುವಾಂಗ್‌ಡಾಂಗ್‌ನ ಯಿಂಗ್‌ಡೆ ಪ್ರದೇಶದ ಯಿಂಗ್ ಶಿಲೆಯಲ್ಲಿ ರಂಧ್ರಗಳಿಗಿಂತ ಮಡಿಕೆಗಳದೇ ವೈಭವ. ಬೂದುಗಪ್ಪು ಬಣ್ಣದ ಈ ಕಲ್ಲಿನ ಅಂಚುಗಳು ಚೂಪಾಗಿರುತ್ತವೆ. ಬಂಡೆಯಿಂದ ಬೇರ್ಪಡಿಸುವಾಗ ಗರಗಸ ಬಳಸುವುದರಿಂದ ತಳ ಸಮತಟ್ಟಾಗಿರುವುದು ಇದರಲ್ಲಿ ಸಾಮಾನ್ಯ. ಮೊದಲ ಮೇಜುಶಿಲೆಯಾಗಿ ಕೊಳ್ಳಲು ನಾನು ಇದನ್ನೇ ಸೂಚಿಸುತ್ತೇನೆ. ಕುನ್‌ಶಾನ್ ಶಿಲೆ ಇವೆಲ್ಲಕ್ಕಿಂತ ಭಿನ್ನ: ಸಣ್ಣ ಸಣ್ಣ ಗೂಡುಗಳಿಂದ ತುಂಬಿದ, ಬೆಣಚುಕಲ್ಲಿನ ಹರಳುಗಳು ಮಿನುಗುವ ಬಿಳಿ ಕಲ್ಲು. ಹೊಸದಾಗಿ ದೊರೆಯುವುದು ತೀರ ಕಡಿಮೆ, ಮುಟ್ಟಿದರೆ ಮುರಿಯುವಷ್ಟು ಸೂಕ್ಷ್ಮ.

ಗುವಾಂಗ್‌ಶಿಯ ಹೊಂಗ್‌ಶುಯಿ ನದಿಯ ನಯವಾದ ಬಣ್ಣದ ಕಲ್ಲುಗಳು, ಒಳ ಮಂಗೋಲಿಯಾದ ಅಲ್‌ಶಾ ಮರುಭೂಮಿಯಲ್ಲಿ ಗಾಳಿ ಕಡೆದ ಕಲ್ಲುಗಳು ಈಗಿನ ಮಾರುಕಟ್ಟೆಯಲ್ಲಿ ದೊಡ್ಡ ಸ್ಥಾನ ಪಡೆದಿವೆ. ಅವುಗಳನ್ನು ಆಕಾರ, ದ್ರವ್ಯ, ಬಣ್ಣ, ವಿನ್ಯಾಸಗಳಿಂದ ಅಳೆಯುತ್ತಾರೆ. ಮಿ ಫೂನ ನಾಲ್ಕು ಗುಣಗಳನ್ನು ಅಲ್ಲಿ ಹುಡುಕಿದರೆ ಫಲವಿಲ್ಲ.

ಕೊಳ್ಳುವಾಗ ಪರೀಕ್ಷಿಸಬೇಕಾದ್ದು

ದೊಡ್ಡ ಹಣದಿಂದ ಆರಂಭಿಸಬೇಕೆಂದು ಯಾರೂ ಭಾವಿಸಬಾರದು. ಹುವಾಂಗ್‌ಝೌನಲ್ಲಿ ಗಡಿಪಾರಾಗಿದ್ದಾಗ ಸು ಶಿ, ನದಿಯಲ್ಲಿ ಸ್ನಾನ ಮಾಡುತ್ತಿದ್ದ ಮಕ್ಕಳು ಹೆಕ್ಕಿ ತಂದ ಬಣ್ಣದ ನುಣುಪುಗಲ್ಲುಗಳನ್ನು ತಿಂಡಿ ಕೊಟ್ಟು ಪಡೆದುಕೊಂಡು, 298 ಕಲ್ಲುಗಳನ್ನು ಕೂಡಿಸಿ, ಹಳೆಯ ಕಂಚಿನ ಬೋಗುಣಿಯಲ್ಲಿ ನೀರು ಹಾಕಿ ಅದರಲ್ಲಿ ಇರಿಸಿದನು. 1082ರಲ್ಲಿ ಅವನ್ನು ಫೊಯಿನ್ ಎಂಬ ಭಿಕ್ಷುವಿಗೆ ಕೊಟ್ಟುಬಿಟ್ಟನು. ನಾನ್‌ಜಿಂಗ್‌ನ ಯುಹುವಾ ನುಣುಪುಗಲ್ಲುಗಳನ್ನು ಇಂದಿಗೂ ಹೀಗೆಯೇ ನೀರಿನಲ್ಲಿ ಇಟ್ಟು ನೋಡುತ್ತಾರೆ. ಕೈಗೆಟುಕುವ ಬೆಲೆಯ ಇಂಥ ಕಲ್ಲುಗಳನ್ನು ಆರಿಸುತ್ತಾ, ಬೇಡವಾದುದನ್ನು ಬಿಡುತ್ತಾ ಹೋದರೆ ಕಣ್ಣು ಪಳಗುತ್ತದೆ.

ದೊಡ್ಡ ಶಿಲೆಯ ವಿಷಯಕ್ಕೆ ಬಂದಾಗ, ಇದು ಪೂರ್ತಿ ಸಹಜವೇ ಎಂಬ ಪ್ರಶ್ನೆ ಎದುರಾಗುತ್ತದೆ. ಈ ವಿಷಯದಲ್ಲಿ ಸಂಪ್ರದಾಯವನ್ನು ಪ್ರಾಮಾಣಿಕವಾಗಿ ತಿಳಿದಿರಬೇಕು. ತೈಹು ಶಿಲೆಯನ್ನು ತೆಗೆಯುವವರು ಸುತ್ತಿಗೆ, ಉಳಿ ಹಿಡಿದು ಆಳದ ನೀರಿಗಿಳಿದು ಕಡಿದು, ದಪ್ಪ ಹಗ್ಗ ಕಟ್ಟಿ, ದೊಡ್ಡ ದೋಣಿಯ ಮೇಲಿನ ಮರದ ಚೌಕಟ್ಟಿನಿಂದ ಎತ್ತುತ್ತಿದ್ದರೆಂದು ಹೇಳುವ ಡು ವಾನ್, ಕೆಲವು ಕಲ್ಲುಗಳನ್ನು ಕೆತ್ತಿ ತಿದ್ದಿ, ಮತ್ತೆ ನೀರಿನಲ್ಲಿ ಮುಳುಗಿಸಿ, ಅಲೆಗಳ ಹೊಡೆತದಿಂದ ಸಹಜವಾಗಿ ಕಾಣುವಂತೆ ಮಾಡುತ್ತಿದ್ದರೆಂದೂ ಬರೆದಿದ್ದಾನೆ. ಅಂದರೆ ಉಳಿ ತಾಗಿದ ಕಲ್ಲೆಲ್ಲ ಮೋಸವೆಂದು ತಳ್ಳಿಹಾಕುವುದು ಈ ಕಲೆಯ ಚರಿತ್ರೆಗೇ ವಿರುದ್ಧ. ಹಳೆಯ ಕಾಲದಲ್ಲಿ ತಿದ್ದಿ, ತಲೆಮಾರುಗಳ ಕೈಯಲ್ಲಿ ಬಾಳಿದ ಕಲ್ಲನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ನಿನ್ನೆ ಭೈರಿಗೆಯಿಂದ ಕೊರೆದು ಆಮ್ಲದಲ್ಲಿ ಅದ್ದಿದ ಕಲ್ಲನ್ನು ಸಹಜವೆಂದು ಮಾರುವುದನ್ನು ಒಪ್ಪಲಾಗದು.

ಪತ್ತೆ ಹಚ್ಚಲು ಹತ್ತು ಪಟ್ಟು ಹಿಗ್ಗಿಸುವ ಮಸೂರ ಮತ್ತು ಸಣ್ಣ ಟಾರ್ಚ್ ಸಾಕು. ರಂಧ್ರದೊಳಗೆ ಬೆಳಕು ಬಿಟ್ಟು ಅದರ ಗೋಡೆಯನ್ನು ನೋಡಿ. ಸಹಜ ರಂಧ್ರ ಒಳಹೋದಂತೆ ಅಗಲವಾಗಿ, ಕಿರಿದಾಗಿ, ಓರೆಯಾಗಿ ತಿರುಗುತ್ತದೆ. ಹೊರಮೈಯ ಸುಕ್ಕು ಒಳಗೂ ಮುಂದುವರಿದಿರುತ್ತದೆ. ಭೈರಿಗೆಯ ರಂಧ್ರ ಉದ್ದಕ್ಕೂ ಒಂದೇ ಅಗಲ, ಗೋಡೆಯ ಮೇಲೆ ಸಮಾನಾಂತರವಾದ ಸೂಕ್ಷ್ಮ ವೃತ್ತಗೆರೆಗಳು. ಆಮ್ಲದಲ್ಲಿ ತೊಳೆದ ಕಲ್ಲಿನಲ್ಲಿ ಎತ್ತರದ ಅಂಚೂ ತಗ್ಗಿನ ಅಂಚೂ ಒಂದೇ ಸಮನಾಗಿ ಕರಗಿ ಮೆತ್ತಗಾಗಿರುತ್ತವೆ, ಆಳದ ಸಂದಿಗಳಲ್ಲಿ ಇರಬೇಕಾದ ಹಳೆಯ ಮಣ್ಣಿನ ಕುರುಹು ಇರುವುದಿಲ್ಲ. ಒದ್ದೆಯಾದ ಬಿಳಿ ಹತ್ತಿಬಟ್ಟೆಯಿಂದ ಮರೆಯ ಜಾಗವೊಂದನ್ನು ಒರೆಸಿದಾಗ ಕಪ್ಪು ಬಂದರೆ ಮಸಿಯನ್ನೋ ಪಾಲಿಷನ್ನೋ ಬಳಿದಿದ್ದಾರೆಂದು ಅರ್ಥ. ಗೆಣ್ಣಿನಿಂದ ಹಲವು ಕಡೆ ಮೆಲ್ಲಗೆ ತಟ್ಟಿ ನೋಡಿ. ಒಂದೆಡೆ ನಾದವಿದ್ದು ಪಕ್ಕದಲ್ಲೇ ಮಂಕಾದರೆ ಅಲ್ಲಿ ಬಿರುಕು ಅಥವಾ ಅಂಟಿಸಿದ ಜೋಡಣೆ ಇರಬಹುದು. ಗಾತ್ರಕ್ಕೆ ಹೋಲಿಸಿದರೆ ತೂಕ ಕಡಿಮೆ ಎನಿಸಿದರೆ ಅಚ್ಚು ಹೊಯ್ದ ರಾಳದ ನಕಲೇ ಎಂದು ಶಂಕಿಸಬೇಕು. ಕಲ್ಲನ್ನು ಪೀಠದಿಂದ ಎತ್ತಿ ತಳ ನೋಡದೆ ಎಂದೂ ಕೊಳ್ಳಬೇಡಿ. ಎತ್ತಲು ಬಿಡದ ಮಾರಾಟಗಾರನಿಂದ ಕೊಳ್ಳುವ ಅಗತ್ಯವೇ ಇಲ್ಲ.

ಮಿ ಫೂ, ಸು ಶಿ ಮೊದಲಾದವರ ಹೆಸರು ಕೆತ್ತಿದ ಕಲ್ಲುಗಳು ಕಂಡರೆ ಹೆಚ್ಚು ಎಚ್ಚರ ಬೇಕು. ಕಲ್ಲು ಹಳತಾಗಿದ್ದರೂ ಬರಹ ಎಷ್ಟೋ ಸಲ ನಂತರದ್ದು. ಹೆಸರಿಗೆ ಹಣ ಕೊಡದೆ ಕಲ್ಲಿಗೆ ಹಣ ಕೊಡುವುದು ಸುರಕ್ಷಿತ. ಚೀನಾದ ನಿಯಮದಂತೆ 1911ಕ್ಕಿಂತ ಹಿಂದಿನ ಸಾಂಸ್ಕೃತಿಕ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಆದ್ದರಿಂದ “ಮಿಂಗ್ ಕಾಲದ್ದು” ಎಂದು ಹೇಳಿ ಅಲ್ಲಿಂದಲೇ ಈಗ ಕಳುಹಿಸಿಕೊಡುತ್ತೇನೆ ಎನ್ನುವವನ ಮಾತು ಸುಳ್ಳಾಗಿರಬೇಕು, ಇಲ್ಲವೇ ಕಾನೂನುಬಾಹಿರವಾಗಿರಬೇಕು. ಹಳೆಯ ಶಿಲೆ ಹಿಂದೆಯೇ ಹೊರದೇಶ ಸೇರಿದ್ದರೆ ಅದರ ಹಿಂದಿನ ಮಾಲೀಕರು, ಪ್ರದರ್ಶನಗಳು, ಹರಾಜುಗಳ ಕಾಗದಪತ್ರ ಕೇಳಿ ಪಡೆಯಬೇಕು.

ನಿಧಾನವಾಗಿ ನೋಡಬೇಕು ಎಂದೆನಾದರೂ, ಇದಕ್ಕೊಂದು ಎಲ್ಲೆಯೂ ಉಂಟು. ಸು ಶಿ 1094ರಲ್ಲಿ ದಕ್ಷಿಣದ ಗಡಿಪಾರಿಗೆ ಹೋಗುವ ದಾರಿಯಲ್ಲಿ ಹುಕೌ ಎಂಬ ಊರಿನಲ್ಲಿ ಒಂಬತ್ತು ಶಿಖರಗಳ ಕಲ್ಲೊಂದನ್ನು ಕಂಡು ಬಹಳ ಆಸೆಪಟ್ಟನು, ಆದರೆ ಆಗ ಕೊಳ್ಳಲಿಲ್ಲ. 1101ರಲ್ಲಿ ಹಿಂತಿರುಗಿ ಬಂದಾಗ ಅದು ಬೇರೊಬ್ಬರ ಪಾಲಾಗಿತ್ತು. ಪಳಗಿದ ಕಣ್ಣು ಒಮ್ಮೆ ಒಪ್ಪಿದ ಕಲ್ಲನ್ನು, ಹಣವಿದ್ದರೆ, ತಡಮಾಡದೆ ಕೊಳ್ಳಬೇಕು.

ಪೀಠ

ಪೀಠವಿಲ್ಲದ ಕಲ್ಲಿಗೆ ನಿಲುವಿಲ್ಲ, ನಿಲುವಿಲ್ಲದೆ ನೋಟವಿಲ್ಲ. ಬಡಗಿಯ ಬಳಿ ಹೋಗುವ ಮೊದಲು ಅಗಲವಾದ ತಟ್ಟೆಯಲ್ಲಿ ಮರಳು ತುಂಬಿ, ಕಲ್ಲನ್ನು ಅದರಲ್ಲಿ ನೆಟ್ಟು, ಒಂದೊಂದು ನಿಲುವಿನಲ್ಲೂ ಕೆಲವು ದಿನ ಬಿಟ್ಟು ನೋಡಬೇಕು. ಅಡ್ಡವಾಗಿ ಸಾಮಾನ್ಯವೆನಿಸಿದ ಕಲ್ಲು ನಿಲ್ಲಿಸಿದಾಗ ಅಥವಾ ತಲೆಕೆಳಗಾಗಿಸಿದಾಗ ಬೇರೆಯೇ ಆಗಿಬಿಡುವುದುಂಟು. ನಿಲುವು ನಿಶ್ಚಯವಾದ ಮೇಲೆ ಬಡಗಿ ಮರದ ಮೇಲೆ ತಳದ ರೇಖೆಯನ್ನು ಗುರುತಿಸಿ, ಗುಳಿ ತೋಡಿ, ಕಲ್ಲಿನ ತಳಕ್ಕೆ ಸುಲಭವಾಗಿ ತೊಳೆದುಹೋಗುವ ಸೀಮೆಸುಣ್ಣದ ಪುಡಿ ಸವರಿ ಗುಳಿಯಲ್ಲಿ ಕೂರಿಸಿ ಎತ್ತುತ್ತಾನೆ. ಪುಡಿ ಅಂಟಿದ ಎತ್ತರದ ಜಾಗಗಳನ್ನು ಕೆರೆದು ಮತ್ತೆ ಕೂರಿಸುತ್ತಾನೆ. ಕಲ್ಲು ಅಲುಗದೆ ತನ್ನ ತೂಕದಿಂದಲೇ ನಿಲ್ಲುವವರೆಗೆ ಇದು ನಡೆಯಬೇಕು. ಅಂಟು ಹಾಕಲು ಬಿಡಬೇಡಿ. ಮೇಲೆ ಕಲ್ಲು ಎಲ್ಲಿ ಹೊರಚಾಚಿದೆಯೋ ಅದರ ಕೆಳಗೆ ಪೀಠದ ಕಾಲು ಬಂದರೆ ಭಾರ ಕಣ್ಣಿಗೂ ಸಮವಾಗಿ ಕಾಣುತ್ತದೆ. ನನ್ನ ಕಣ್ಣಿಗೆ, ಪೀಠದ ಎತ್ತರ ಕಲ್ಲಿನ ಎತ್ತರದ ಐದನೇ ಒಂದು ಭಾಗವನ್ನು ಮೀರಿದರೆ ಪೀಠವೇ ಮಾತಾಡತೊಡಗುತ್ತದೆ. ಅತಿಯಾದ ಹೂಬಳ್ಳಿ ಕೆತ್ತನೆಯೂ ಹಾಗೆಯೇ. ಹಳೆಯ ಪೀಠಗಳು ರಕ್ತಚಂದನ, ಬೀಟೆ ಮೊದಲಾದ ಗಟ್ಟಿ ಮರಗಳವು. ಈ ಮರಗಳ ಅಂತರರಾಷ್ಟ್ರೀಯ ಸಾಗಣೆಗೆ ವನ್ಯಜೀವಿ ವ್ಯಾಪಾರ ಒಪ್ಪಂದದ ನಿರ್ಬಂಧಗಳಿರುವುದರಿಂದ, ಕಲ್ಲಿಗೆ ಬೇಡದ ಪರವಾನಗಿ ಪೀಠಕ್ಕೆ ಬೇಕಾಗಬಹುದು.

ಇಡುವುದು ಮತ್ತು ಕಾಪಾಡುವುದು

ಕುಳಿತವರ ಕಣ್ಣಿನ ಮಟ್ಟ, ಹಿಂದೆ ಬರಿಯ ಗೋಡೆ, ಸುತ್ತ ಖಾಲಿ ಜಾಗ, ಪಕ್ಕದ ಕಿಟಕಿಯಿಂದ ಬರುವ ಹಗಲಿನ ಬೆಳಕು: ಇಷ್ಟು ಸಾಕು. ಒಂದು ಸಲಕ್ಕೆ ಒಂದೇ ಕಲ್ಲನ್ನು ಹೊರಗಿಡುವುದು ಒಳ್ಳೆಯದು, ಸಾಲಾಗಿ ಇಟ್ಟ ಕಲ್ಲುಗಳನ್ನು ಯಾರೂ ನೋಡುವುದಿಲ್ಲ. ಹಿಂಬದಿಯೂ ಚೆನ್ನಾಗಿರುವ ಕಲ್ಲನ್ನು ಆಗಾಗ ತಿರುಗಿಸಿ ಇಡಿ.

ಧೂಳು ತೆಗೆಯಲು ಮೆತ್ತನೆಯ ಕುಂಚ, ಸಂದಿಗಳಿಗೆ ಬಿದಿರಿನ ಕಡ್ಡಿ, ಅಗತ್ಯವಿದ್ದರೆ ಬರಿಯ ನೀರು ಬಳಸಿ, ಚೆನ್ನಾಗಿ ಒಣಗಿದ ಮೇಲೆಯೇ ಪೀಠಕ್ಕೆ ಮರಳಿಸಬೇಕು. ವಿನೆಗರ್, ನಿಂಬೆರಸ, ನೆಲ ತೊಳೆಯುವ ಆಮ್ಲದ ದ್ರಾವಣಗಳು ಈ ಕಲ್ಲುಗಳ ಹತ್ತಿರ ಸುಳಿಯಬಾರದು. ಸುಣ್ಣಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಆಮ್ಲ ತಾಗಿದ ಕೂಡಲೇ ಗುಳ್ಳೆ ಎದ್ದು ಮೇಲ್ಮೈ ಕರಗುತ್ತದೆ. ಶತಮಾನಗಳ ಮೇಲ್ಮೈ ನಿಮಿಷಗಳಲ್ಲಿ ಹಾಳಾಗುತ್ತದೆ. ಎಣ್ಣೆ ಹಚ್ಚುವ ರೂಢಿಯನ್ನೂ ನಾನು ಒಪ್ಪುವುದಿಲ್ಲ, ಅದು ಧೂಳನ್ನು ಹಿಡಿದು ಮಡಿಕೆಗಳನ್ನು ಮುಚ್ಚುತ್ತದೆ. ಶುಚಿಯಾದ ಒಣ ಕೈಯಿಂದ ಆಗಾಗ ಸವರುತ್ತಿದ್ದರೆ ಲಿಂಗ್‌ಬಿಯಂಥ ದಟ್ಟ ಕಲ್ಲಿಗೆ ವರ್ಷಗಳ ಮೇಲೆ ಆಳವಾದ ಮೆರುಗು ಬರುತ್ತದೆ, ಚೀನಾದ ಸಂಗ್ರಾಹಕರು ಬೆಲೆ ಕಟ್ಟುವುದು ಈ ಮೆರುಗಿಗೇ. ಕುನ್‌ಶಾನ್ ಶಿಲೆಯನ್ನು ಮಾತ್ರ ಹಾಗೆ ಸವರಬಾರದು. ತೈಹು ಶಿಲೆಯನ್ನು ಹೊರಗೆ ಇಡುವವರು ಹಿಮ ಬೀಳುವ ಸೀಮೆಯಲ್ಲಿದ್ದರೆ ಚಳಿಗಾಲಕ್ಕೆ ಮುಂಚೆ ತಗ್ಗುಗಳಲ್ಲಿ ನಿಂತ ನೀರನ್ನು ತೆಗೆದು ಹೊದಿಕೆ ಹಾಕಬೇಕು, ಏಕೆಂದರೆ ಹೆಪ್ಪುಗಟ್ಟುವ ನೀರು ಹಿಗ್ಗಿ ಕಲ್ಲನ್ನು ಸೀಳುತ್ತದೆ.

ಕಲ್ಲಿಗೆ ಹೆಸರಿಡುವ ಆಸೆ ಬಂದಾಗ ಒಂದು ವರ್ಷವಾದರೂ ಅದರೊಡನೆ ಕಳೆದು ನಂತರ ಇಡಿ, ಆ ಹೆಸರನ್ನು ಕಾಗದದಲ್ಲಿ ಬರೆಯಿರಿ. ನ್ಯೂ ಸೆಂಗ್‌ರು ಕೆತ್ತಿಸಿದ್ದನೆಂದು ನಾವೂ ಕೆತ್ತಿಸುವುದು ಬೇಡ. ಪ್ರತಿ ಕಲ್ಲಿಗೂ ಒಂದು ಹಾಳೆ ಇರಲಿ: ಯಾವ ಜಾತಿ, ಯಾವಾಗ, ಯಾರಿಂದ, ಎಷ್ಟು ಬೆಲೆಗೆ ಬಂತು, ಅಳತೆ, ತೂಕ, ನಾಲ್ಕು ಬದಿ ಮತ್ತು ತಳದ ಚಿತ್ರಗಳು, ಪೀಠದ ಮರ, ಎಲ್ಲೆಲ್ಲಿ ದುರಸ್ತಿಯಾಗಿದೆ, ಎಲ್ಲಿ ಉಳಿಯ ಗುರುತಿದೆ. ಕೊನೆಯ ಎರಡನ್ನು ಮುಚ್ಚಿಡದೆ ಬರೆಯಬೇಕು, ಹಾಳೆಯನ್ನು ಕಲ್ಲಿನೊಡನೆಯೇ ಮುಂದಿನವರಿಗೆ ಕೊಡಬೇಕು.